ಎಲ್ಲರ ಪ್ರಬಂಧದ ಅಜ್ಜಿಗೊಂದು ಬಹಿರಂಗ ಪತ್ರ

ಪೂಜ್ಯ ಅಜ್ಜಿಯವರಿಗೆ, ಸಾಷ್ಟಾಂಗ ನಮಸ್ಕಾರಗಳು.

ನಮ್ಮ ಬರಹಗಾರರ ಬಳಗದ ಹೋದ ಸಭೆಯಲ್ಲಿ ತಾವು ಮತ್ತೆ ತೀರಿಕೊಂಡಿರಿ. ಮೊದಲು ನಿವೃತ್ತ ಮೇಷ್ಟರ ಪ್ರಬಂಧದಲ್ಲಿ, ಆಮೇಲೆ ಬ್ಯಾಂಕಿನ ಮೇಡಂ ಪ್ರಬಂಧದಲ್ಲಿ, ಟೀ ಬರುವಷ್ಟರಲ್ಲಿ ಸಾಫ್ಟ್‌ವೇರ್ ಹುಡುಗನದರಲ್ಲಿ. ಮೂರು ಸಲವೂ ಹೊರಗೆ ಮಳೆ. ಮೂರು ಸಲವೂ ನಾಗಂದಿಗೆಯ ಮೇಲೆ ಉಪ್ಪಿನಕಾಯಿ ಭರಣಿ ತಮ್ಮನ್ನು ನೆನೆದು ಮಂಕಾಗಿ ಕೂತಿತ್ತು. ಈ ವಯಸ್ಸಿನಲ್ಲಿ ಇಷ್ಟು ಓಡಾಟ ತಮಗೆ ಹೇಗೆ ಸಾಧ್ಯವಾಗುತ್ತದೋ!

ನಮ್ಮದು ಭಾರೀ ವೈವಿಧ್ಯದ ಬಳಗ. ಬೀದರಿನವರಿದ್ದಾರೆ, ಚಾಮರಾಜನಗರದವರಿದ್ದಾರೆ, ಎಲ್ಲ ಜಾತಿ, ಎಲ್ಲ ಕಸುಬು. ಆಹ್ವಾನ ಪತ್ರಿಕೆಯಲ್ಲೇ ಹಾಗೆಂದು ಅಚ್ಚು ಹಾಕಿಸಿದ್ದೇವೆ. ಅಜ್ಜಿ ಮಾತ್ರ ತಾವೊಬ್ಬರೇ. ಅದೂ ಮಲೆನಾಡಿನ ತೊಟ್ಟಿಮನೆಯವರು.

2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ನಾವೂ ಮೈಸೂರುಪಾಕು ಹಂಚಿದೆವು. ವಕೀಲೆಯಾಗಿ ಹೆಂಗಸರ ಕಷ್ಟವನ್ನು ಹತ್ತಿರದಿಂದ ಕಂಡವರು, ಬರೆದರೆ ಹಾಗೆ ಬರೆಯಬೇಕು ಎಂದು ಅಧ್ಯಕ್ಷರು ಗಂಟಲು ಕಟ್ಟುವವರೆಗೆ ಮಾತಾಡಿದರು. ಅವರಾದ ಮೇಲೆ ಒಬ್ಬ ನರ್ಸ್ ತಮ್ಮ ರಾತ್ರಿಪಾಳಿಯ ಬಗ್ಗೆ ಓದಿದರು. “ಚೆನ್ನಾಗಿದೆಯಮ್ಮ, ಸ್ವಲ್ಪ ಭಾರವಾಯ್ತು. ನಿಮ್ಮ ಅಜ್ಜಿ ಬಗ್ಗೆ ಏನಾದ್ರೂ ಬರೀರಲ್ಲ” ಎಂದರು ಅದೇ ಅಧ್ಯಕ್ಷರು. ಆಕೆ ಮತ್ತೆ ಬಂದಿಲ್ಲ. ಪಾಪ, ಡ್ಯೂಟಿ ಇರಬೇಕು.

ಮುದ್ದೇಬಿಹಾಳದ ಅರವಿಂದ ಮಾಲಗತ್ತಿಯವರು ತಮ್ಮ ದಲಿತ ಬದುಕಿನ ಆತ್ಮಕಥೆ ‘ಗೌರ್ಮೆಂಟ್ ಬ್ರಾಹ್ಮಣ’ವನ್ನು 1994ರಲ್ಲೇ ಪ್ರಕಟಿಸಿದರು. ನಮ್ಮ ಕಪಾಟಿನಲ್ಲೂ ಒಂದು ಪ್ರತಿ ಇದೆ, ಹೊಚ್ಚ ಹೊಸದರಂತೆ. ಅದೇ ಸೀಮೆಯ ಬಸ್ ಕಂಡಕ್ಟರೊಬ್ಬರು ನಮ್ಮ ಸದಸ್ಯರು. ಅವರು ಓದಿದ ಪ್ರಬಂಧದಲ್ಲೂ ತಾವೇ ಇದ್ದಿರಿ: ಅಡಿಕೆ ತೋಟ, ಜಡಿಮಳೆ, ಹಲಸಿನ ಹಪ್ಪಳ ಸಮೇತ. ಚಪ್ಪಾಳೆ ಜೋರಾಗಿಯೇ ಬಿತ್ತು. ಆಮೇಲೆ ಟೀ ಕುಡಿಯುತ್ತ, ನಿಮ್ಮೂರಲ್ಲಿ ಅಡಿಕೆ ಎಲ್ಲಿಂದ ಬಂತು ಮಾರಾಯರೇ ಎಂದು ಕೇಳಿದೆ. ನಕ್ಕರು.

“ನಮ್ಮಾಯಿ ಬರಗಾಲದಾಗ ರಸ್ತೆಗೆ ಖಡಿ ಒಡದಾಕಿ ರೀ. ಸುತ್ತಿಗಿ ಪೆಟ್ಟು ಬಿದ್ದು ಎಡಗೈ ಹೆಬ್ಬೆಟ್ಟಿನ ಉಗುರು ಹೋಗಿತ್ತು. ರೊಟ್ಟಿ ಬಡಿಯೂಮುಂದ ಆ ಬೆರಳೊಂದು ಎತ್ತಿ ಹಿಡೀತಿದ್ಲು.”

“ಅದನ್ನೇ ಬರೀಬಹುದಿತ್ತಲ್ಲ?”

“ಅದರಾಗ ಪ್ರಬಂಧ ಏನೈತ್ರಿ?”

ಅವರಿಗೆ ಹಾಗೆ ಅನ್ನಿಸುವಂತೆ ಮಾಡಿದ ಕೀರ್ತಿ ಪೂರ್ತಿ ನಮ್ಮ ಚಪ್ಪಾಳೆಗೆ ಸಲ್ಲಬೇಕು. ತಮ್ಮ ಕಥೆಯಲ್ಲಿ ಎಲ್ಲಿ ಕಣ್ಣೊರೆಸಿಕೊಳ್ಳಬೇಕು, ಎಲ್ಲಿ ಮುಗುಳ್ನಗಬೇಕು ಎಂಬುದು ಕೇಳುವವರಿಗೆ ಮೊದಲೇ ಗೊತ್ತಿರುತ್ತದೆ. ಹಾಗಾಗಿ ತಾವು ಬಂದರೆ ಯಾರಿಗೂ ತೊಂದರೆಯಿಲ್ಲ. ಆ ಆಯಿ ಬಂದರೆ ಯಾವ ರಸ್ತೆ, ಕೂಲಿ ಎಷ್ಟು, ಯಾರು ಕೊಡದೆ ನುಂಗಿದರು ಎಂದೆಲ್ಲ ಕೇಳಬೇಕಾಗುತ್ತದೆ.

ಆದ್ದರಿಂದ ಅಜ್ಜಿ, ತಮ್ಮಲ್ಲಿ ಒಂದು ವಿನಂತಿ. ಮುಂದಿನ ಸಭೆಗೆ ತಾವು ದಯಮಾಡಿ ಬರಬೇಡಿ. ಊರಲ್ಲೇ ಇದ್ದು ವಿಶ್ರಾಂತಿ ತಗೊಳ್ಳಿ, ಸಾಧ್ಯವಾದರೆ ಬದುಕಿಯೇ ಇರಿ. ಆ ದಿನ ಮೊದಲು ಓದುವವರು ಕಂಡಕ್ಟರ್. ಅವರು ಆಗಲೇ ರಜೆ ಹಾಕಿದ್ದಾರೆ.

ಇಂತಿ,
ಬಳಗದ ಒಬ್ಬ ಸದಸ್ಯ