ಕೀಲಿಕೈ ನಿಮ್ಮ ಹತ್ರ ಇರ್ಲಿ

ಯುಗಾದಿಯ ಹೋಳಿಗೆ ಇನ್ನೂ ಅರಗಿರುವುದಿಲ್ಲ, ಸರಸ್ವತಿಪುರಂನ ನಮ್ಮ ಬೀದಿಯ ರಾಯರು ಮನೆ ಮುಚ್ಚುವ ಕೆಲಸಕ್ಕೆ ಇಳಿದಿರುತ್ತಾರೆ. ಮಗಳು ಡಲ್ಲಾಸ್‌ನಲ್ಲಿ. ಪ್ರವಾಸಿ ವೀಸಾದಲ್ಲಿ ಹೋದವರನ್ನು ಅಮೆರಿಕದವರು ಸಾಮಾನ್ಯವಾಗಿ 6 ತಿಂಗಳು ಇಟ್ಟುಕೊಳ್ಳುತ್ತಾರೆ. ರಾಯರ ಹೆಂಡತಿ, ನಮ್ಮ ಆಂಟಿಗೆ, ನವರಾತ್ರಿಯ ಪಾಡ್ಯದ ದಿನ ಪಟ್ಟದ ಬೊಂಬೆ ಇಲ್ಲೇ ಕೂರಿಸಬೇಕು. ಟಿಕೆಟ್ಟು ಈ ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ. ಹಿಂದೆ ನಮ್ಮ ಮೈಸೂರಿನ ಮಹಾರಾಜರೂ ಬೇಸಿಗೆಗೆ ಊಟಿಯ ಫರ್ನ್‌ಹಿಲ್ ಅರಮನೆಗೆ ಹೋಗುತ್ತಿದ್ದರು. ಆದರೆ ಹೊರಡುವ ಮುನ್ನ ಫ್ರಿಜ್ ಒರೆಸಿ, ಅದರ ಬಾಗಿಲು ಪೂರ್ತಿ ಮುಚ್ಚದಂತೆ ಪೇಪರ್ ಮಡಿಸಿ ಸಿಕ್ಕಿಸುವ ಕೆಲಸ ಅವರಿಗಿರಲಿಲ್ಲ.

ರಾಯರು ಸಿಎಫ್‌ಟಿಆರ್‌ಐನಲ್ಲಿ 31 ವರ್ಷ ಲೆಕ್ಕಪತ್ರ ನೋಡಿದವರು. ವಿಜ್ಞಾನಿಗಳ ಟಿ.ಎ. ಬಿಲ್ಲು ಪಾಸು ಮಾಡುತ್ತ ಮಾಡುತ್ತ ಆಹಾರ ವಿಜ್ಞಾನ ತಮಗೂ ಅಂಟಿಕೊಂಡಿದೆ ಎಂದು ಅವರ ನಂಬಿಕೆ. "ಅಕ್ಕಿ ಹುಳ ಹೊರಗಿಂದ ಬರೋದಲ್ಲ ಕಣ್ರೀ, ಕಾಳಿನ ಒಳಗೇ ಮೊಟ್ಟೆ ಇಟ್ಟಿರುತ್ತೆ" ಎನ್ನುತ್ತ ಉಳಿದ ದಿನಸಿಯನ್ನೆಲ್ಲ ನಮ್ಮ ಮನೆಗೆ ಸಾಗಿಸುತ್ತಾರೆ. ಮೊಟ್ಟೆಯ ವಿಷಯ ಹೇಳಿದ ಮೇಲೆ ಕೊಡುತ್ತಾರಲ್ಲ, ಅದಕ್ಕೆ ಏನೆನ್ನಬೇಕೋ ನನ್ನ ಹೆಂಡತಿಗೆ ಗೊತ್ತಿದೆ, ನಾನು ಬರೆಯುವಂತಿಲ್ಲ. ಏಪ್ರಿಲ್ ಮೊದಲ ವಾರವೆಲ್ಲ ನಮ್ಮಲ್ಲಿ ಉಪ್ಪಿಟ್ಟು.

ಅವರ ಮಹತ್ತಾದ ಸಂಶೋಧನೆ ಬಚ್ಚಲಿನದು. ಬಚ್ಚಲ ಜಾಲರಿಯ ಕೆಳಗೆ ಒಂದಿಷ್ಟು ನೀರು ಸದಾ ನಿಂತಿರುತ್ತದೆ. ಚರಂಡಿಯ ವಾಸನೆ, ಜಿರಲೆ ಮೇಲೆ ಬಾರದಂತೆ ತಡೆಯುವುದು ಅದೇ. ಮನೆ ಖಾಲಿ ಬಿದ್ದರೆ ಆ ನೀರು ಆರಿಹೋಗುತ್ತದೆ. ಅದಕ್ಕೆ ಮೇಲೊಂದು ಪದರ ಎಣ್ಣೆ ಹೊಯ್ಯಬೇಕು. ಇಲ್ಲಿಯವರೆಗೆ ಸರಿಯೇ. ಆಂಟಿ ಕೊಬ್ಬರಿ ಎಣ್ಣೆ ತಂದರು. "ಅದು 24 ಡಿಗ್ರಿಗೇ ಗಟ್ಟಿಯಾಗುತ್ತೆ, ಕಡಲೆಕಾಯಿ ಎಣ್ಣೆ ತಗೊಂಬಾ" ಎಂದರು ರಾಯರು. "ಬಚ್ಚಲಿಗೆ ಒಗ್ಗರಣೆ ಹಾಕ್ತೀರೇನ್ರೀ?" ಎಂದು ಆಂಟಿ ಕೇಳಿದ್ದು ಬೀದಿಗೆಲ್ಲ ಕೇಳಿಸಿತು. ಮಗಳ ಪರಿಚಯದ ಯಾರೋ ಚಳಿಗಾಲಕ್ಕೆ ಊರು ಬಿಡುವಾಗ, ಹೆಪ್ಪುಗಟ್ಟಿ ಪೈಪು ಒಡೆದೀತೆಂದು ನೀರನ್ನೆಲ್ಲ ಬಸಿದು ಹೋಗುತ್ತಾರಂತೆ. ಅದನ್ನು ಕೇಳಿ ಬಂದ ವರ್ಷ ರಾಯರು ತಾರಸಿಯ ಟ್ಯಾಂಕನ್ನೂ ಬಸಿದರು. ಮೈಸೂರಿನ ಏಪ್ರಿಲ್‌ನಲ್ಲಿ.

ಮೇನ್ ಸ್ವಿಚ್ ಆರಿಸುವುದಕ್ಕೆ ಅವರ ಬಳಿ ಇತಿಹಾಸದ ಆಧಾರವಿದೆ. "1897ರಲ್ಲಿ ಹಳೇ ಅರಮನೆ ಸುಟ್ಟಿದ್ದು ಯಾವಾಗ? ಜಯಲಕ್ಷ್ಮಮ್ಮಣ್ಣಿಯವರ ಮದುವೆ ಸಮಯದಲ್ಲಿ. ಮನೆ ತುಂಬ ಜನ ಇದ್ದಾಗಲೇ ಹಾಗಾದ್ರೆ, ಖಾಲಿ ಮನೆ ಗತಿ ಏನ್ರೀ?" ಆಗ ಅರಮನೆ ಮರದ್ದಾಗಿತ್ತು, ನಿಮ್ಮದು ಕಾಂಕ್ರೀಟು ಎಂದು ಒಮ್ಮೆ ಹೇಳಿ ನೋಡಿದೆ. ಕದ ಮರದ್ದಲ್ಲವೇ ಎಂದರು.

ಸಾಲಿಗ್ರಾಮದ್ದು ಬೇರೆಯೇ ಕಥೆ. ನಿತ್ಯಪೂಜೆ ತಪ್ಪುವಂತಿಲ್ಲ, ಆದ್ದರಿಂದ ಅದು ಅಗ್ರಹಾರದ ಭಾವಮೈದುನನ ಮನೆಗೆ ಹೋಗುತ್ತದೆ. ಬೆಳ್ಳಿಯ ಭರಣಿಯಲ್ಲಿ, ಆಟೋದಲ್ಲಿ, ರಾಯರ ತೊಡೆಯ ಮೇಲೆ. ಆ ದಿನ ಅವರು ಆಟೋದವನೊಡನೆ ಮೀಟರಿನ ಜಗಳ ಆಡುವುದಿಲ್ಲ. ವಾಪಸು ಬಂದ ಮೇಲೂ ಸ್ವಲ್ಪ ಹೊತ್ತು ವರಾಂಡದಲ್ಲಿ ಸುಮ್ಮನೆ ಕೂತಿರುತ್ತಾರೆ.

ಮನೆ ಖಾಲಿಯಿರುವುದು ಕಳ್ಳರಿಗೆ ತಿಳಿಯಬಾರದು, ಇದು ರಾಯರ ಮೂಲಮಂತ್ರ. ಪೇಪರಿನ ಹುಡುಗ, ಹಾಲಿನವನು, ಇಸ್ತ್ರಿಯವನು, ಸೊಪ್ಪಿನ ಗಾಡಿಯವಳು, ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಸಿಗುವ ವಾಕಿಂಗ್ ಬಳಗ, ಎಲ್ಲರನ್ನೂ ಒಬ್ಬೊಬ್ಬರಾಗಿ ಪಕ್ಕಕ್ಕೆ ಕರೆದು, "ಆರು ತಿಂಗಳು ನಾವಿರೋಲ್ಲ, ಯಾರಿಗೂ ಹೇಳ್ಬೇಡಿ" ಎನ್ನುತ್ತಾರೆ. ಕೊನೆಗೆ ಬಾಗಿಲ ಮುಂದೆ ಒಂದು ಜೊತೆ ಹಳೇ ಚಪ್ಪಲಿ ಬಿಟ್ಟು, ಒಳಗೆ ಗಂಡಸೊಬ್ಬ ಇದ್ದಾನೆಂಬ ಭ್ರಮೆ ಹುಟ್ಟಿಸುತ್ತಾರೆ.

ಹೊರಡುವ ದಿನ ನನ್ನ ಕೈಗೆ ಕೀಲಿಕೈ, ಜೊತೆಗೆ 27 ಸೂಚನೆಗಳ ಒಂದು ಹಾಳೆ. ತುಳಸಿಗೆ ದಿನಾ ನೀರು. ಮೇ ತಿಂಗಳ ಗುಡುಗುಮಳೆಗೆ ಮುಂಚೆ ತಾರಸಿಯ ಕಿಂಡಿಗೆ ಕಟ್ಟಿದ ಹೊಂಗೆ ಎಲೆ ತೆಗೆಯುವುದು, ಇಲ್ಲದಿದ್ದರೆ ನೀರು ನಿಂತು ಒಳಗೆ ಸೋರುತ್ತದೆ. ಹದಿನೈದು ದಿನಕ್ಕೊಮ್ಮೆ ಕಿಟಕಿ ತೆರೆದು ಗಾಳಿಯಾಡಿಸುವುದು, "ಆದರೆ ತೆರೆದಿದ್ದು ಹೊರಗೆ ಕಾಣದಂತೆ". ಫ್ಲೈಬಸ್ ಹಿಡಿಯಲು ಹೊರಟ ಆಟೋ ಪ್ರತಿ ವರ್ಷ ತಿರುವಿನವರೆಗೆ ಹೋಗಿ ವಾಪಸು ಬರುತ್ತದೆ. ರಾಯರು ಇಳಿದು, ಬೀಗ ಜಗ್ಗಿ ನೋಡಿ, ಮತ್ತೆ ಹತ್ತುತ್ತಾರೆ. ಆಂಟಿ ಇಳಿಯುವುದಿಲ್ಲ.

ಅಲ್ಲಿ ಮಧ್ಯಾಹ್ನ ಎರಡಾದರೆ ನಮಗೆ ರಾತ್ರಿ ಹನ್ನೆರಡೂವರೆ. ಊಟ ಮುಗಿಸಿ ಬೇಸರ ಬಂದಾಗ ರಾಯರು ಫೋನ್ ಮಾಡುವ ಹೊತ್ತು ಅದು. ಮೊನ್ನೆ ನಾನು ಬಾಯ್ತಪ್ಪಿ ನಿಜ ಹೇಳಿಬಿಟ್ಟೆ: ಎಡಗಾಲಿನ ಚಪ್ಪಲಿಯನ್ನು ಬೀದಿನಾಯಿ ಕಚ್ಚಿಕೊಂಡು ಹೋಗಿದೆ. ಆ ಕಡೆ ದೀರ್ಘ ಮೌನ. "ಬಲಗಾಲಿಂದು ಒಂದೇ ಇದ್ರೆ ಅನುಮಾನ ಬರುತ್ತೆ ಇವ್ರೇ" ಎಂದರು ಕೊನೆಗೆ, ಬಹಳ ಮೆಲ್ಲಗೆ, ಟೆಕ್ಸಾಸ್‌ನಲ್ಲಿ ಯಾರಾದರೂ ಕೇಳಿಸಿಕೊಂಡಾರು ಎಂಬಂತೆ.

ಈಗ ರಾತ್ರಿ ಊಟವಾದ ಮೇಲೆ ನನ್ನ ಚಪ್ಪಲಿಯನ್ನು ರಾಯರ ಬಾಗಿಲಲ್ಲಿ ಬಿಟ್ಟು ಬರಿಗಾಲಲ್ಲಿ ಮನೆಗೆ ಬರುತ್ತೇನೆ. ಬೆಳಿಗ್ಗೆ ಹಾಲಿಗೆ ಹೋಗುವಾಗ ಅಲ್ಲೇ ಮೆಟ್ಟಿಕೊಂಡು ಹೊರಡುತ್ತೇನೆ. ಸೊಪ್ಪಿನ ಗಾಡಿಯವಳು ನೋಡಿ ಕೇಳಿದಳು: "ಏನ್ ಸಾಮಿ, ಮನೆ ಬದಲಾಯ್ಸಿದ್ರಾ?"