ನೇತಿ ನೇತಿ: ಪರಭಾಷಾ ಬೋಧನೆಯ ವರ್ಜನ ಸಿದ್ಧಾಂತ

ಪರಭಾಷೆ ಕಲಿಸುವ ಆಧುನಿಕ ಪದ್ಧತಿಗಳು ತರಗತಿಗೆ ಏನೇನು ತಂದವು ಎಂದು ವಿದ್ವಾಂಸರು ಎಣಿಸುತ್ತ ಬಂದಿದ್ದಾರೆ. ಇದು ಪ್ರಮಾದ. ಒಳಗಿದ್ದ ಯಾವುದಾದರೊಂದನ್ನು ಹೊರಗಟ್ಟಿಯೇ ಪ್ರತಿಯೊಂದು ಪದ್ಧತಿಯೂ ಹೊಸದೆನಿಸಿಕೊಂಡಿದೆ ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ.

ವರ್ಜನೆಗೆ ಮುಂಚಿನದು ಭಕ್ಷಣ ಯುಗ. ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಮೇಷ್ಟ್ರು ಫ್ರಾಂಸ್ವಾ ಗ್ವೆನ್ ಹ್ಯಾಂಬರ್ಗಿಗೆ ಹೋಗಿ ಜರ್ಮನ್ ವ್ಯಾಕರಣವನ್ನೂ 248 ಅಡ್ಡಾದಿಡ್ಡಿ ಕ್ರಿಯಾಪದಗಳನ್ನೂ ನುಂಗಿದರು. ಉಪನ್ಯಾಸ ಕೇಳಲು ಕೂತರೆ ಒಂದಕ್ಷರ ತಿಳಿಯಲಿಲ್ಲ. ಆಮೇಲೆ ನಿಘಂಟಿನ 30,000 ಶಬ್ದಗಳನ್ನೂ ನುಂಗಿದರು. ಫಲ ಅದೇ. ಊರಿಗೆ ಮರಳಿ ನೋಡಿದರೆ ಮನೆಯ ಮೂರು ವರ್ಷದ ಪೋರ ಯಾವ ನಿಘಂಟಿನ ಹಂಗೂ ಇಲ್ಲದೆ ಫ್ರೆಂಚ್ ಹರಟುತ್ತಿದ್ದ.

ಮೊದಲು ಹೊರಬಿದ್ದದ್ದು ಮಾತೃಭಾಷೆ. 1878ರಲ್ಲಿ ಅಮೆರಿಕದ ಪ್ರಾವಿಡೆನ್ಸ್‌ನಲ್ಲಿ ಶಾಲೆ ತೆರೆದ ಬರ್ಲಿಟ್ಜ್ ಮಹಾಶಯರು ಇಂಗ್ಲಿಷ್ ಬಾರದ ಫ್ರೆಂಚ್ ಸಹಾಯಕನನ್ನು ನೇಮಿಸಿಕೊಂಡು ಕಾಯಿಲೆ ಬಿದ್ದರಂತೆ. ಎದ್ದು ಬಂದಾಗ ವಿದ್ಯಾರ್ಥಿಗಳೆಲ್ಲ ಫ್ರೆಂಚಿನಲ್ಲೇ ಮಾತಾಡುತ್ತಿದ್ದರಂತೆ. ಯಜಮಾನ ಹಾಸಿಗೆ ಹಿಡಿದರೆ ಶಾಲೆ ಉದ್ಧಾರವಾಗುತ್ತದೆ ಎಂಬ ಇನ್ನೊಂದು ಅನುಮಿತಿಯನ್ನು ಶಿಕ್ಷಣಶಾಸ್ತ್ರ ಏಕೋ ಕೈಬಿಟ್ಟಿತು.

ಆಮೇಲೆ ಹೋದದ್ದು ಮೇಷ್ಟ್ರ ದನಿ. ಕ್ಯಾಲೆಬ್ ಗಟ್ಟೆನ್ಯೊ ಅವರ ಮೌನ ಪದ್ಧತಿಯಲ್ಲಿ ಗುರು ಬಾಯಿ ಬಿಡುವುದೇ ಅಪರೂಪ. ಬೆಲ್ಜಿಯಂನಲ್ಲಿ ಲೆಕ್ಕ ಕಲಿಸಲೆಂದು ಮಾಡಿದ್ದ ಬಣ್ಣದ ಕಡ್ಡಿಗಳನ್ನು ಎತ್ತಿ ತೋರಿಸುತ್ತಾನೆ. ಆಲದ ಮರದಡಿಯ ದಕ್ಷಿಣಾಮೂರ್ತಿ ಇದನ್ನು ಎಂದೋ ಮಾಡಿದ್ದನಲ್ಲ ಎಂದು ಪೂರ್ವಪಕ್ಷಿ ಎದ್ದು ನಿಲ್ಲಬಹುದು. ಸಲ್ಲದು. ಅವನ ಬಳಿ ಕಡ್ಡಿಗಳಿರಲಿಲ್ಲ; ಮೇಲಾಗಿ ಅವನ ಶಿಷ್ಯರು ಮುದುಕರು, ಗಲಾಟೆ ಮಾಡುವವರಲ್ಲ.

ಗುರು ಸುಮ್ಮನಾದ ಮೇಲೆ ಶಿಷ್ಯನಿಗೇಕೆ ಮಾತು? ಕ್ಯಾಲಿಫೋರ್ನಿಯಾದ ಜೇಮ್ಸ್ ಆಶರ್ ತಮ್ಮ ಪ್ರಯೋಗದಲ್ಲಿ ಜಪಾನಿ ಭಾಷೆಯಲ್ಲಿ ಏಳು, ಕೂರು, ನಡೆ ಎಂದು ಆಜ್ಞೆ ಕೊಡಿಸಿದರು. ಶಿಷ್ಯ ತುಟಿಪಿಟಕ್ಕೆನ್ನದೆ ಪಾಲಿಸಬೇಕು. ಇಂಥವನನ್ನು ಟೋಕಿಯೊದಲ್ಲಿ ಕೂರು ಎಂದರೆ ಠಾಕುಠೀಕಾಗಿ ಕೂರುತ್ತಾನೆ. ಕಾಫಿ ಮಾತ್ರ ಅವರೇ ತಿಳಿದುಕೊಂಡು ಕೊಡಬೇಕು.

ಬಲ್ಗೇರಿಯಾದ ಮನೋವೈದ್ಯ ಲೊಜಾನೊವ್ ಆತಂಕವನ್ನೇ ವರ್ಜಿಸಿದರು: ಮೆತ್ತನೆಯ ಕುರ್ಚಿ, ಬರೋಕ್ ಸಂಗೀತ, ಅದರ ಮೇಲೆ ತೇಲಿಬರುವ ಪಾಠ. ಮಧ್ಯಾಹ್ನದೂಟದ ನಂತರದ ಪೀರಿಯಡ್ಡಿನಲ್ಲಿ ನಮ್ಮ ಹುಡುಗರು ಕುರ್ಚಿ, ಸಂಗೀತ ಎರಡೂ ಇಲ್ಲದೆ ಇದೇ ಸಮಾಧಿಗೇರುತ್ತಾರೆ.

ಕೊನೆಗೆ ಡ್ಯುಯೊಲಿಂಗೊ ಎಂಬ ಮೊಬೈಲ್ ಆ್ಯಪ್ ಬಂದು ಮೇಷ್ಟ್ರು, ಕೋಣೆ, ಗಂಟೆ ಎಲ್ಲವನ್ನೂ ಒಟ್ಟಿಗೇ ತೆಗೆದುಹಾಕಿ ಹಸಿರು ಗೂಬೆಯೊಂದನ್ನು ಪ್ರತಿಷ್ಠಾಪಿಸಿತು. ಉಳಿದವನು ವಿದ್ಯಾರ್ಥಿಯೊಬ್ಬನೇ. ಅವನ ವರ್ಜನೆಯೂ ಶುರುವಾಗಿದೆ: ಗಳಿಸಿದ ರತ್ನಗಳನ್ನು ತೆತ್ತು ‘ಸ್ಟ್ರೀಕ್ ಫ್ರೀಜ್’ ಕೊಂಡಿಟ್ಟರೆ, ಪಾಠ ಮುಟ್ಟದ ದಿನವೂ ನಿತ್ಯಾಭ್ಯಾಸದ ಸರಪಳಿ ತುಂಡಾಗುವುದಿಲ್ಲ. ಗೆಳೆಯನ ಪರವಾಗಿ ‘ಪ್ರೆಸೆಂಟ್ ಸಾರ್’ ಎಂದವನಿಗೆ ದಂಡ ಹಾಕುತ್ತಿದ್ದ ಪ್ರಾಂಶುಪಾಲರಿಗೆ ಶಾಸ್ತ್ರದ ಈ ಸೂಕ್ಷ್ಮ ತಿಳಿದಿರಲಿಲ್ಲ.