ಹಸ್ಕಿ ಮತ್ತು ಉಳ್ಳಾಗಡ್ಡಿ

ಏಪ್ರಿಲ್ ಬಂತೆಂದರೆ ನಮ್ಮ ಕಲಬುರಗಿಯಲ್ಲಿ ಸರ್ಕಾರವೇ ಬಿಸಿಲಿಗೆ ಕೈಮುಗಿದು, ಕಚೇರಿಗಳನ್ನು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚಿಬಿಡುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದರೂ ಇಲ್ಲಿ ಯಾರೂ ಅದನ್ನು ಸುದ್ದಿ ಎನ್ನುವುದಿಲ್ಲ. ಇಂಥ ಊರಿಗೆ ನನ್ನ ಮಗಳು ಸೈಬೀರಿಯನ್ ಹಸ್ಕಿ ನಾಯಿಯೊಂದನ್ನು ತಂದು ಬಿಟ್ಟುಹೋದಳು. ಬೆಂಗಳೂರಿನಲ್ಲಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಕೊಂಡದ್ದು. ಆಫೀಸಿನವರು ವಾಪಸ್ ಬನ್ನಿ ಎಂದ ಕೂಡಲೇ ನಾಯಿಗೆ ಊರಲ್ಲಿ ಅಜ್ಜ-ಅಜ್ಜಿ ಇದ್ದಾರೆಂಬುದು ಅವಳಿಗೆ ನೆನಪಾಯಿತು. ಹಿಮದ ಮೇಲೆ ಗಾಡಿ ಎಳೆಯಲೆಂದು ಬೆಳೆಸಿದ ತಳಿ. ಹೆಸರು ಬ್ರೂನೋ. ನಮ್ಮ ತಗಡಿನ ಷೆಡ್ಡಿನಡಿ ನಿಂತು, ನಾಲಿಗೆ ಚಾಚಿ, ಯಾವ ತಪ್ಪಿಗೆ ಈ ವರ್ಗಾವಣೆ ಎಂದು ಕೇಳುವಂತೆ ನನ್ನನ್ನೇ ನೋಡುತ್ತಿತ್ತು.

ನಾನು ನಿವೃತ್ತ ಗುಮಾಸ್ತ. ಸಮಸ್ಯೆ ಬಂದರೆ ಮೊದಲು ಕಡತ ತೆರೆಯುವುದು ನಮ್ಮ ರಕ್ತದಲ್ಲೇ ಇದೆ. ಅಂಗಡಿಯಿಂದ ಹಸಿರು ಫೈಲು ತಂದು ಮೇಲೆ ‘ಬ್ರೂನೋ: ಬೇಸಿಗೆ ಮುನ್ನೆಚ್ಚರಿಕೆ’ ಎಂದು ದಪ್ಪಕ್ಷರದಲ್ಲಿ ಬರೆದೆ. ಬ್ರೂನೋ ಅದನ್ನು ಮೂಸಿ ನೋಡಿ, ಷರಾ ಬರೆಯದೆ, ಎದ್ದು ಬಚ್ಚಲಿಗೆ ಹೋಗಿ ಮಲಗಿತು. ಹಾಲಿನಲ್ಲಿ ನಾವು ಸಾಲ ಮಾಡಿ ಟೈಲ್ಸ್ ಹಾಕಿಸಿದ್ದೇವೆ. ಬಚ್ಚಲಿನಲ್ಲಿ ಮಾತ್ರ ಹಳೆಯ ಶಹಾಬಾದ್ ಪರಸಿಯೇ ಉಳಿದಿದೆ. ನೀರು ಬಿದ್ದ ಪರಸಿ ಎಷ್ಟು ತಂಪೆಂದು ಊರವರಿಗೆಲ್ಲ ಗೊತ್ತು. ಆದರೆ ಕಡತ ತೆರೆದಾಗಿತ್ತಲ್ಲ, ಬಚ್ಚಲನ್ನು ಒಂದು ಪರಿಹಾರವೆಂದು ಒಪ್ಪಲು ನನಗೆ ಮನಸ್ಸು ಬರಲಿಲ್ಲ.

ಮೊದಲ ಕ್ರಮ, ಕೂದಲು. ಅಷ್ಟು ದಟ್ಟ ಉಣ್ಣೆ ಹೊದ್ದರೆ ಸೆಕೆಯಾಗದೆ ಇರುತ್ತದೆಯೇ? ಓಣಿಯ ಕ್ಷೌರದವನನ್ನು ಮನೆಗೇ ಕರೆಸಿದೆ. ಅವನು ಮಿಷನ್ನು ಹಿಡಿದು, “ಸರ, ಸಣ್ಣ ಮಾಡ್ಲ್ಯೋ, ಬೋಳಸಿಬಿಡ್ಲ್ಯೋ?” ಎನ್ನುವಷ್ಟರಲ್ಲಿ ಮಗಳ ವಿಡಿಯೋ ಕಾಲ್ ಬಂತು. ಅವಳು ಚೀರಿದ ಚೀರಿಗೆ ಬ್ರೂನೋ ಮಂಚದಡಿ ಸೇರಿತು. ಹಸ್ಕಿಗೆ ಎರಡು ಪದರದ ಕೂದಲಂತೆ. ಚಳಿ ತಡೆಯುವ ಆ ಪದರವೇ ಬಿಸಿಲನ್ನೂ ಚರ್ಮದಿಂದ ದೂರ ಇಡುತ್ತದಂತೆ. ಬೋಳಿಸಿದರೆ ಚರ್ಮ ಸುಟ್ಟೀತು, ಕೂದಲು ಮೊದಲಿನ ಹಾಗೆ ಬರುವುದೂ ಅನುಮಾನ. ಉದುರಿದ್ದನ್ನು ಬಾಚಿ ತೆಗೆದರೆ ಸಾಕು. ಸರಿ, ಆದರೆ ಕರೆಸಿದವನನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ದಾಕ್ಷಿಣ್ಯಕ್ಕೆ ನನ್ನ ತಲೆಯನ್ನೇ ಒಪ್ಪಿಸಿದೆ. ಮಿಷನ್ನಿನ ಉತ್ಸಾಹ ತಣಿದಾಗ ನನ್ನ ತಲೆಯ ಮೇಲೆ ಒಂದು ಪದರವೂ ಉಳಿದಿರಲಿಲ್ಲ.

ಎರಡನೆಯ ಕ್ರಮ, ರಸ್ತೆ. ಡಾಂಬರಿನ ಮೇಲೆ ಹಿಂಗೈ ಇಟ್ಟು ಏಳು ಸೆಕೆಂಡು ತಡೆದುಕೊಳ್ಳಲಾಗದಿದ್ದರೆ ನಾಯಿಯ ಅಂಗಾಲಿಗೂ ಅದು ಸಲ್ಲದು. ಒಮ್ಮೆ ಇಟ್ಟು ನೋಡಿ ಸುಮ್ಮನಾಗುವವನು ಗುಮಾಸ್ತ ಹೇಗಾದಾನು? ಗಂಟೆಗೊಮ್ಮೆ ಹೋಗಿ, ಕೈ ಇಟ್ಟು, ವೇಳಾಪಟ್ಟಿ ತಯಾರಿಸತೊಡಗಿದೆ. ಹತ್ತಕ್ಕೆ ಏಳು ಸೆಕೆಂಡು ಮುಟ್ಟಿತು. ಹನ್ನೆರಡಕ್ಕೆ ಎರಡೇ. ಒಂದೂವರೆಯ ನಮೂದಿಗೆಂದು ನಡುರಸ್ತೆಯಲ್ಲಿ ಬಗ್ಗಿದ್ದಾಗಲೇ ಕಚೇರಿ ಬಿಟ್ಟ ಜನ ಎದುರಾದರು.

“ಏನ್ ಹುಡುಕ್ಲತೀರಿ ಸರ?” ಎಂದ ಒಬ್ಬ, ಉತ್ತರಕ್ಕೂ ಕಾಯದೆ ತಾನೂ ಹುಡುಕತೊಡಗಿದ. ಇನ್ನೊಬ್ಬ ಬೈಕ್ ನಿಲ್ಲಿಸಿ, ಉಂಗುರವೇ ಇರಬೇಕೆಂದು ಗಟಾರ ಇಣುಕಿದ. ಮೂರನೆಯವರು ನನ್ನ ಹಳೆಯ ಸಹೋದ್ಯೋಗಿ. ಬೋಳು ತಲೆ ನೋಡಿದವರೇ ದನಿ ತಗ್ಗಿಸಿ, “ಯಾವಾಗ ತೀರ್ಕೊಂಡ್ರು ರೀ? ನಮಗ ಒಂದ್ ಮಾತ ತಿಳಸಬಾರದಾ?” ಎಂದು ಕೈ ಹಿಡಿದುಕೊಂಡರು. ಯಾರೂ ತೀರಿಕೊಂಡಿಲ್ಲ, ನಾಯಿಗಾಗಿ ನೋಡುತ್ತಿದ್ದೇನೆ ಎಂದೆ. ಅವರು ಪಕ್ಕದವನ ಮುಖ ನೋಡಿದರು. “ಬಿಸಲು ಬಡದದ,” ಎಂದು ಎಲ್ಲರೂ ಒಮ್ಮತಕ್ಕೆ ಬಂದರು. ತರಕಾರಿ ಗಾಡಿಯ ಅವ್ವ ಒಂದು ಉಳ್ಳಾಗಡ್ಡಿಯನ್ನು ಜಜ್ಜಿ ಮೂಗಿಗೆ ಹಿಡಿದಳು. ಇನ್ನೊಂದನ್ನು ಅಂಗಿಯ ಜೇಬಿಗೆ ತುರುಕಿ, “ಬಿಸಲಾಗ ಇದಿಲ್ದ ತಿರಗಬ್ಯಾಡ ತಮ್ಮಾ,” ಎಂದಳು. ದುಡ್ಡು ಕೊಟ್ಟರೆ ತೆಗೆದುಕೊಳ್ಳಲಿಲ್ಲ.

ಮನೆಗೆ ಬಂದು ಅಂಗಿ ಬಿಚ್ಚಿ ಕುರ್ಚಿಗೆ ಹಾಕಿ ಮುಖ ತೊಳೆದು ಬಂದರೆ, ಅಂಗಿ ನೆಲದ ಮೇಲಿದೆ, ಬ್ರೂನೋ ಅದರ ಪಕ್ಕ ತುಟಿ ಸವರಿಕೊಳ್ಳುತ್ತಿದೆ, ಜೇಬು ಖಾಲಿ. ಕಡತದ ಪುಟ ನಾಲ್ಕು: ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಗೆ ವಿಷ, ಹಸಿಯಾಗಲಿ ಬೆಂದದ್ದಾಗಲಿ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ನನ್ನ ಕೈಕಾಲು ನಡುಗತೊಡಗಿದವು. ಜ್ವರ ನೋಡೋಣವೆಂದು ಥರ್ಮಾಮೀಟರು ಹುಡುಕಿದೆ. ನಾಯಿಗೆ ಅದನ್ನು ಎಲ್ಲಿ ಇಡಬೇಕೆಂಬುದನ್ನು ಪುಟ ಆರು ತಿಳಿಸಿತು. ಆ ಥರ್ಮಾಮೀಟರು ಅಂದಿನಿಂದ ನಮ್ಮ ಮನೆಯವರ ಪಾಲಿಗೆ ಇಲ್ಲವಾಯಿತು. ಬ್ರೂನೋ ಅವಮಾನವನ್ನು ಸಹಿಸಿಕೊಂಡಿತು. ಅಂಕಿ 101.8.

“ನೂರಾ ಒಂದರ ಮ್ಯಾಲದ!” ಎಂದು ಕೂಗಿದೆ. ಹೆಂಡತಿ, “ಬಚ್ಚಲದಾಗ ಮಕ್ಕೊಂಡಿದ್ದು ಛಲೋ ಇತ್ತು, ಬಿಟ್ಟಬಿಡ್ರಿ,” ಎಂದಳು. ಯಾರು ಕೇಳಬೇಕು? ಮಧ್ಯಾಹ್ನದ ಉರಿಯಲ್ಲಿ ಆಟೋ ಹತ್ತಿದೆವು. ಬಿಸಿಗಾಳಿ ಎರಡೂ ಕಡೆಯಿಂದ ಮುಖಕ್ಕೆ ಬಡಿಯುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಹಸ್ಕಿ, ನಾನು, ಆಟೋದವನು, ಮೂವರೂ ಬಾಯಿ ತೆರೆದೇ ಇದ್ದೆವು. ನಮ್ಮಿಬ್ಬರಿಗೆ ಮೈತುಂಬ ಬೆವರಾದರೂ ಬರುತ್ತದೆ. ನಾಯಿ ಬೆವರುವುದು ಅಂಗಾಲಿನಲ್ಲಿ ಮಾತ್ರ, ಉಳಿದ ಶಾಖವನ್ನೆಲ್ಲ ಅದು ತೇಕಿಯೇ ಕಳೆಯಬೇಕು.

ಪಶುವೈದ್ಯರು ಬ್ರೂನೋನನ್ನು ಹಿಂದೆ ಮುಂದೆ ಪರೀಕ್ಷಿಸಿ ನಕ್ಕರು. “ನಾಯಿಗೆ 101ರಿಂದ 102.5 ಅಂದ್ರ ನಾರ್ಮಲ್ ರೀ. 104 ದಾಟಿದ್ರ ಅಂಜಬೇಕು. ಅಂಜಬೇಕಾದ್ದು ಈ ಹೊತ್ತಿನ್ಯಾಗ ಇದನ್ನ ಹೊರಗ ತಂದದ್ದಕ್ಕ.” ಆಮೇಲೆ, “ಉಳ್ಳಾಗಡ್ಡಿ ಎಷ್ಟ ದೊಡ್ಡದಿತ್ತು?” ಎಂದರು. ಗಾತ್ರ ತೋರಿಸುವ ಮೊದಲು ಬೆವರು ಒರೆಸಿಕೊಳ್ಳೋಣವೆಂದು ಪ್ಯಾಂಟಿನ ಜೇಬಿನಿಂದ ಕರ್ಚೀಫು ಎಳೆದೆ. ಉಳ್ಳಾಗಡ್ಡಿ ಟಣ್ಣನೆ ಮೇಜಿನ ಮೇಲೆ ಬಿತ್ತು, ಉರುಳಿ ಅವರ ಮುಂದೆಯೇ ನಿಂತಿತು. ದಾರಿಯಲ್ಲಿ ಯಾವಾಗ ಜೇಬು ಬದಲಿಸಿದ್ದೆನೋ, ದೇವರೇ ಬಲ್ಲ.

ವೈದ್ಯರು ಅದನ್ನು ನೋಡಿದರು, ನನ್ನ ತಲೆ ನೋಡಿದರು. ನಿಧಾನವಾಗಿ, ಪಾಠ ಹೇಳುವವರಂತೆ ಶುರುಮಾಡಿದರು: “ಬಿಸಿಲು ಬಡದ ನಾಯಿ ಹೆಂಗಿರ್ತದ ಕೇಳ್ರಿ. ಜೋರ್ ತೇಕತದ. ಒಸಡು ಕೆಂಪಾಗತಾವ. ನಡಿಬೇಕಾದ್ರ ತೂರಾಡತದ. ಹೇಳಿದ್ದು ತಿಳಿಲಾರದಂಗ ಸುಮ್ನ ನೋಡಕೋತ ನಿಲ್ಲತದ.” ನಾನು ಸುಮ್ಮನೆ ನೋಡುತ್ತ ನಿಂತಿದ್ದೆ. ಮೇಜು ಯಾಕೋ ಸ್ವಲ್ಪ ವಾಲಿದ ಹಾಗಿತ್ತು.

ಮುಂದಿನ ಉಪಚಾರ ನಾಯಿಗೆ ಮಾಡುವಂಥದ್ದೇ ಆಯಿತು. ನೆರಳಲ್ಲಿ ಮಲಗಿಸಿದರು, ಮೈಮೇಲೆ ನೀರು ಸುರಿದರು, ಫ್ಯಾನು ತಿರುಗಿಸಿದರು. ಒದ್ದೆ ಟವೆಲ್ ಹೊದಿಸಲು ಬಂದ ಕಂಪೌಂಡರನಿಗೆ ವೈದ್ಯರು, “ಹೊಚ್ಚಬ್ಯಾಡ, ಶಾಖ ಒಳಗಽ ಉಳೀತದ,” ಎಂದು ಗದರಿದರು. ಬ್ರೂನೋ ತನ್ನ ಬಟ್ಟಲಿನ ನೀರು ಕುಡಿದು ಮುಗಿಸಿ, ಬಂದು ನನ್ನನ್ನು ಮೂಸಿತು. ಕಂಪೌಂಡರ ರಿಜಿಸ್ಟರು ತೆಗೆದು ಪೇಷಂಟ್ ಹೆಸರು, ವಯಸ್ಸು ಬರೆದುಕೊಂಡ. ತಳಿ ಎಂಬ ಕಾಲಂ ಬಂದಾಗ ಒಂದು ಕ್ಷಣ ಯೋಚಿಸಿ ಅಡ್ಡಗೀಟು ಎಳೆದ. ಮನುಷ್ಯರ ಡಾಕ್ಟರನ್ನು ಕಾಣಲೇಬೇಕೆಂದು ವೈದ್ಯರು ಚೀಟಿಯಲ್ಲಿ ಬರೆದುಕೊಟ್ಟರು; ಹೆಂಡತಿ ಬಂದು ಕರೆದೊಯ್ದಳು.

ಕಡತ ಈಗ ಅವಳ ವಶದಲ್ಲಿದೆ. ಬೆಳಗ್ಗೆ ಹತ್ತರಿಂದ ಸಂಜೆಯವರೆಗೆ ಬಚ್ಚಲು ಬ್ರೂನೋನದು. ಸ್ನಾನ ಬೇಕಾದವರು ಹತ್ತರೊಳಗೆ ಮುಗಿಸಿಕೊಳ್ಳಬೇಕು. ವಾಕಿಂಗು ಬೆಳಗಿನ ಐದಕ್ಕೆ ಮಾತ್ರ. ಸಂಜೆಯ ರಸ್ತೆ ಸೂರ್ಯ ಮುಳುಗಿದ ಮೇಲೂ ಬಹಳ ಹೊತ್ತು ಕಾದೇ ಇರುತ್ತದೆ. ಹೊರಗೆ ಕಾಲಿಡುವಾಗ ನನಗೆ ಟೊಪಿಗಿ ಕಡ್ಡಾಯ, ಯಾವ ಹೊತ್ತಾದರೂ. ಕತ್ತಲಲ್ಲಿ ಟೊಪಿಗಿ ಹಾಕಿಕೊಂಡು ಹೊರಟರೆ ಪೇಪರ್ ಹಾಕುವ ಹುಡುಗ ದಿನಾ ಸೈಕಲ್ ನಿಧಾನಿಸುತ್ತಾನೆ. “ಬಿಸಲ ಎಲ್ಲದ ರೀ ಸರ?”

“ಬರ್ತದ ತಮ್ಮಾ,” ಎನ್ನುತ್ತೇನೆ, “ತಡಿ.”